ಎಲೆ ಮುಂದಿನ ಅಜ್ಜಿ

2025ರ ಮೇ 12, ಸೋಮವಾರ ಬೆಳಿಗ್ಗೆ 10.20ಕ್ಕೆ ತುಮಕೂರಿನ ಠಾಣೆಗೆ ಬಂದ ಹನುಮಂತರಾಜು, ದೂರು ಅರ್ಜಿಯ ಜೊತೆಗೆ ಒಂದು ಫೋಟೊವನ್ನೂ ತಂದಿದ್ದರು. ಕಟ್ಟು ಹಾಕಿಸಿ, ಗಂಧದ ಹಾರ ಹಾಕಿದ ದೊಡ್ಡ ಫೋಟೊ. ಅದನ್ನು ಇನ್‌ಸ್ಪೆಕ್ಟರ್ ಭಾನುಪ್ರಕಾಶ್ ಅವರ ಮೇಜಿನ ಮೇಲೆ ಫೈಲುಗಳಿಗೆ ಒರಗಿಸಿ ನಿಲ್ಲಿಸಿದರು. ಹೆಡ್ ಕಾನ್‌ಸ್ಟೆಬಲ್ ಬೀರಯ್ಯ ಅಭ್ಯಾಸಬಲದಿಂದ ಕೈ ಮುಗಿದ.

"ಯಾರಿವರು?"

"ನಮ್ಮವ್ವ ಸಾರ್, ಗಿರಿಯಮ್ಮ. ತೀರ್ಕೊಂಡು ನಾಲ್ಕು ವರ್ಷ ಆಯ್ತು."

"ದೂರು ಯಾರ ಮೇಲೆ?"

"ಇವ್ರ ಮೇಲೇ ಸಾರ್. ಅಂದ್ರೆ ಇವ್ರಲ್ಲ. ಇವ್ರ ಮುಖ ಇಟ್ಕೊಂಡು ನನ್ನ ಮಾನ ಕಳೀತಿರೋರ ಮೇಲೆ."

ಹನುಮಂತರಾಜು ಮದುವೆ ಅಡುಗೆಯ ಕಂಟ್ರಾಕ್ಟರು. ಕ್ಯಾತ್ಸಂದ್ರದಲ್ಲಿ ಅಡುಗೆಮನೆ, ಅದರ ಮೇಲಿನ ಮಹಡಿಯಲ್ಲೇ ವಾಸ. ಅಲ್ಲಿ ಬೆಂದ ಅಡುಗೆ ಟೆಂಪೊದಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಕಲ್ಯಾಣಮಂಟಪಗಳಿಗೆ ಹೋಗುತ್ತಿತ್ತು. ಮಾರ್ಚ್ ತಿಂಗಳಲ್ಲಿ ಫೇಸ್‌ಬುಕ್ಕಿನಲ್ಲಿ 'ಎಲೆ ಮುಂದಿನ ಅಜ್ಜಿ' ಎಂಬ ಪುಟ ಹುಟ್ಟಿಕೊಂಡಿತ್ತು. ಪುಟಕ್ಕೆ ಗಿರಿಯಮ್ಮನ ಫೋಟೊ ಇತ್ತು, ಬರೆಯುವವರ ಹೆಸರಿರಲಿಲ್ಲ. ಅಜ್ಜಿ ಹನುಮಂತರಾಜು ಅವರ ಮದುವೆ ಊಟಗಳಿಗೆ ಮಾತ್ರ ಹೋಗುತ್ತಿದ್ದಳು, ಬಂದು ಬರೆಯುತ್ತಿದ್ದಳು. ಆರು ಸಾವಿರದ ಎಂಟುನೂರು ಜನ ಓದುತ್ತಿದ್ದರು.

ಮೇ 4, ಗುಬ್ಬಿ: 'ತಿಳಿಸಾರಿಗೆ ಇಂಗು ಹಾಕಿದರೋ, ಡಬ್ಬಿ ತೋರಿಸಿ ಒಳಗಿಟ್ಟರೋ ಗೊತ್ತಾಗಲಿಲ್ಲ.'

ಮೇ 11, ಕುಣಿಗಲ್: 'ಶ್ಯಾವಿಗೆ ಪಾಯಸದ ತಳ ಹಿಡಿದಿದೆ. ಏಲಕ್ಕಿ ಸುರಿದು ಮುಚ್ಚಲು ನೋಡಿದ್ದಾರೆ. ಮಗಾ, ಸೀದದ್ದು ಏಲಕ್ಕಿಗೆ ಹೆದರೋದಿಲ್ಲ.'

"ಆ 'ಮಗಾ' ಇದೆಯಲ್ಲ ಸಾರ್, ನಮ್ಮವ್ವ ಹಂಗೇ ಅಂತಿದ್ದಿದ್ದು," ಎಂದರು ಹನುಮಂತರಾಜು. "25ನೇ ತಾರೀಕು ಗುಬ್ಬೀಲಿ ಸಾವಿರದಿನ್ನೂರು ಎಲೆ ಊಟ ಒಪ್ಕೊಂಡಿದೀನಿ. ಇದನ್ನ ಓದಿ ಆ ಮದುವೆ ಮನೆ ಗೌಡ್ರು, 'ಶುಕ್ರವಾರದೊಳಗೆ ಬರೆಯೋರು ಯಾರು ಅಂತ ಹೇಳಿ, ಇಲ್ಲಾಂದ್ರೆ ಬೇರೆಯೋರ್ನ ನೋಡ್ಕೋತೀವಿ' ಅಂದವ್ರೆ. ಆ ಮದುವೆ ಕೈ ತಪ್ಪಿದ್ರೆ ಗುಬ್ಬಿ ಕಡೆ ಮತ್ತೆ ಯಾರೂ ಕರೆಯಲ್ಲ ಸಾರ್."

"ಪಾಯಸ ಸೀದಿತ್ತಾ?"

"ಸುಳ್ಳು ಸಾರ್! ಒಂದು ಎಲೇಲೂ ಬಿಟ್ಟಿಲ್ಲ ಜನ."

ಪರರ ಗುರುತು ದುರ್ಬಳಕೆಯ ಆರೋಪದಡಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ, 11.45ಕ್ಕೆ ಎಫ್‌ಐಆರ್ ದಾಖಲಾಯಿತು. ಈ ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಹಾಗಾಗಿ ಪಾಯಸದ ಭಾರ ಭಾನುಪ್ರಕಾಶ್ ಅವರ ತಲೆಗೇ ಬಂತು.

ಖಾತೆಯ ವಿವರ ಕೇಳಿ ಕಂಪನಿಗೆ ಪತ್ರ ಕಳಿಸಿದವಳು ಕಾನ್‌ಸ್ಟೆಬಲ್ ಇಂಪನಾ. 'ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ' ಎಂಬ ಉತ್ತರ ಎರಡೇ ನಿಮಿಷದಲ್ಲಿ ಬಂತು. ಆಮೇಲೆ ಏನೂ ಬರಲಿಲ್ಲ.

"ಹೆಸ್ರು ಹಾಕ್ದೆ ಬರಿಯೋದು ಒಂದು ಗಂಡಸ್ತನವಾ ಸಾರ್?" ಎಂದ ಬೀರಯ್ಯ. "ಹೇಳೋದಿದ್ರೆ ಎದುರಿಗೆ ಬಂದು ಹೇಳ್ಬೇಕು."

"ಕ್ವಾರ್ಟರ್ಸ್ ನೀರಿನ ಬಗ್ಗೆ ಮೇಲಿನವ್ರಿಗೆ ಹೋದ ಅರ್ಜೀಲಿ 'ನೊಂದ ನಾಗರಿಕ' ಅಂತಿತ್ತಲ್ಲ ಬೀರಣ್ಣ," ಎಂದಳು ಇಂಪನಾ. "ಅಕ್ಷರ ನಿಮ್ದೇ ಇದ್ದಂಗಿತ್ತು."

"ಅದು ಬೇರೆ ವಿಷ್ಯ ಬುಡಮ್ಮ."

"ಹೆಸರು ಹಾಕದೆ ಬರೆದರೆ ಅಪರಾಧ ಅಲ್ಲ," ಎಂದು ಭಾನುಪ್ರಕಾಶ್ ಇಬ್ಬರನ್ನೂ ಸುಮ್ಮನಾಗಿಸಿದರು. "ಇನ್ನೊಬ್ಬರ ಮುಖ ಹಾಕ್ಕೊಂಡು ಬರೆದರೆ ಅಪರಾಧ. ಅಷ್ಟು ನೋಡೋಣ."

ಇಂಪನಾ ಪುಟದ ಕಾಮೆಂಟುಗಳನ್ನು ಮುದ್ರಿಸಿ ತಂದಳು. ಮೂವತ್ತೆರಡು ಹಾಳೆ. ಅದರಲ್ಲಿ ಸೂರ್ಯೋದಯದ ಚಿತ್ರವಿದ್ದ 'ಬೆಳಗಿನ ಇಬ್ಬನಿ' ಎಂಬ ಖಾತೆ, 'ಸತ್ಯ ಅಜ್ಜಿ. ಫೆಬ್ರವರಿಯಲ್ಲಿ ಸದಾಶಿವನಗರದ ನಮ್ಮ ಗೃಹಪ್ರವೇಶದಲ್ಲೂ ಇದೇ ಕತೆ' ಎಂದು ಬರೆದಿತ್ತು.

"ಇವರನ್ನೂ ವಿಚಾರಿಸೋಣವಾ ಸಾರ್?"

ಭಾನುಪ್ರಕಾಶ್ ಕನ್ನಡಕ ಒರೆಸಿಕೊಂಡರು. ಅವರ ಹೊಸ ಮನೆ ಇದ್ದದ್ದು ಸದಾಶಿವನಗರದಲ್ಲಿ. "ಬೇಡ. ಅವರಿಗೂ ಪ್ರಕರಣಕ್ಕೂ ಸಂಬಂಧ ಇಲ್ಲ."

"ಸರಿ ಸಾರ್," ಎಂದಳು ಇಂಪನಾ, ಆ ಹಾಳೆಯನ್ನು ಎಲ್ಲಕ್ಕಿಂತ ಕೆಳಗೆ ಸೇರಿಸುತ್ತಾ.

ಮಂಗಳವಾರ ಇನ್‌ಸ್ಪೆಕ್ಟರ್ ಆದೇಶದಂತೆ ಬೀರಯ್ಯ ಕುಣಿಗಲ್ಲಿಗೆ ಹೋಗಿ ಮದುವೆ ಹುಡುಗಿಯ ತಂದೆ ಅಣ್ಣಯ್ಯಪ್ಪನವರನ್ನೂ, ಊಟ ಮಾಡಿದ್ದ ಇನ್ನೂ ಹತ್ತು ಮಂದಿಯನ್ನೂ ವಿಚಾರಿಸಿ ಸಂಜೆ 6ಕ್ಕೆ ಮರಳಿದ. ಹನ್ನೊಂದು ಹೇಳಿಕೆಗಳೂ ಒಂದೇ ತರಹ ಇದ್ದವು.

"ಪಾಯಸ ಬೊಂಬಾಟಾಗಿತ್ತಂತೆ ಸಾರ್. ಅಣ್ಣಯ್ಯಪ್ಪನವ್ರಂತೂ ಸಕ್ಕರೆ ಕಾಯಿಲೆ ಮರ್ತು ಮೂರು ಸತಿ ಹಾಕಿಸ್ಕೊಂಡವ್ರೆ. ಈಗ ಆಸ್ಪತ್ರೇಲವ್ರೆ. ಹೇಳಿಕೆ ಅಲ್ಲೇ ತಗೊಂಡೆ."

ಅತ್ತ ಪುಟದಲ್ಲಿ ನಾನೂರು ಜನ 'ಹೌದು ಅಜ್ಜಿ, ಸೀದಿತ್ತು' ಎಂದು ಬರೆದಿದ್ದರು. ಅವರಲ್ಲಿ ಮದುವೆಗೆ ಹೋದವರು ಒಬ್ಬರೂ ಇರಲಿಲ್ಲ.

ಭಾನುಪ್ರಕಾಶ್ ಯೋಚಿಸಿದರು. ಹಿಂದಿನ ಒಂಬತ್ತು ಬರಹಗಳಲ್ಲಿ ಅಜ್ಜಿ ಹೇಳಿದ್ದೆಲ್ಲ ನಿಜವೆಂದು ಉಂಡವರೇ ಕಾಮೆಂಟುಗಳಲ್ಲಿ ಒಪ್ಪಿದ್ದರು. ಇಷ್ಟು ನಿಖರವಾಗಿ ಬರೆಯುವವರು ಹತ್ತನೆಯದರಲ್ಲಿ ಮಾತ್ರ ಯಾಕೆ ಸುಳ್ಳು ಹೇಳುತ್ತಾರೆ? ಅವರ ಕಣ್ಣು ಬರಹದ ಸಮಯದ ಮೇಲೆ ಬಿತ್ತು: ಬೆಳಿಗ್ಗೆ 10.52.

"ಮೊದಲನೇ ಪಂಕ್ತಿ ಕೂತಿದ್ದು ಎಷ್ಟೊತ್ತಿಗೆ?"

ಬೀರಯ್ಯ ಹೇಳಿಕೆ ತಿರುವಿದ. "ಹನ್ನೆರಡೂವರೆಗೆ ಸಾರ್."

ಬುಧವಾರ ಬೆಳಿಗ್ಗೆ 9.30ಕ್ಕೆ ಮೂವರೂ ಕ್ಯಾತ್ಸಂದ್ರದ ಅಡುಗೆಮನೆಯಲ್ಲಿದ್ದರು. ಮುಖ್ಯ ಅಡುಗೆಯವನು ಚಿಕ್ಕಮಾರಯ್ಯ, ಅರವತ್ತು ದಾಟಿದವನು, ಸೌಟು ಕೆಳಗಿಡಲೇ ಇಲ್ಲ.

"ಭಾನುವಾರದ ಪಾಯಸ ಸೀದಿತ್ತಾ?"

"ಇಲ್ಲ ಸ್ವಾಮಿ."

"ಸೌಟು ಕೆಳಗಿಟ್ಟು ಹೇಳಿ."

ಚಿಕ್ಕಮಾರಯ್ಯ ಸೌಟು ಕೆಳಗಿಟ್ಟ. "ಸೀದಿತ್ತು ಸ್ವಾಮಿ. ಕುಣಿಗಲ್ನಾಗೆ ಮುಚ್ಚಳ ತೆಗೀತಿದ್ದಂಗೇ ವಾಸ್ನೆ ಬಂತು. ಹನುಮಂತಣ್ಣ ಪೂರ್ತಿ ಸುರಿಸ್ಬುಟ್ರು. ಅಲ್ಲೇ ಹಾಲು ತರಿಸಿ ಹೊಸ್ದಾಗಿ ಮಾಡುದ್ವಿ. ಬಡಿಸಿದ್ದು ಅದ್ನೇ."

"ಸುರಿದ ಪಾಯಸದ ರುಚಿ ನೋಡಿದವರು ಯಾರು?"

"ಯಾರೂ ಇಲ್ಲ. ಮೂಗಿಗೇ ಗೊತ್ತಾಯ್ತಲ್ಲ."

"ಟೆಂಪೊ ಹೊರಡೋ ಮುಂಚೆ ಇಲ್ಲಿ?"

"ಅಯ್ಯೋ, ಇಲ್ಲಿ ಬಾಯಿಗೆ ಹಾಕಂಗಿಲ್ಲ ಸ್ವಾಮಿ. ಮೊದ್ಲು ಅವ್ವನ ಎಡೆಗೆ ಹೋಗ್ಬೇಕು. ಗಿರಿಯಮ್ಮವ್ರು ಇದ್ದಾಗ ಎಲ್ಲಾನೂ ಅವ್ರೇ ರುಚಿ ನೋಡಿ, ಹೂಂ ಅಂದ್ಮೇಲೇ ಗಾಡಿ ಹೊರಡ್ತಿದ್ದಿದ್ದು. ಈಗ ಎಲ್ಲದ್ರಲ್ಲೂ ಒಂದೊಂದು ಸೌಟು ಕ್ಯಾರಿಯರ್‌ಗೆ ತುಂಬಿ ಮಹಡಿಗೆ ಕಳಿಸ್ತೀವಿ. ಫೋಟೊ ಮುಂದೆ ಇಡ್ತಾರೆ." ಅವನು ನಿಟ್ಟುಸಿರಿಟ್ಟ. "ಫೋಟೊ ಯಾವತ್ತೂ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ."

ಬೀರಯ್ಯನ ಮುಖ ಬಿಳಿಚಿತು. ಇನ್‌ಸ್ಪೆಕ್ಟರ್ ಕಿವಿಯ ಬಳಿ ಬಾಗಿ, "ಸಾರ್, ಹಂಗಾದ್ರೆ ಆ ಪಾಯಸ ಉಂಡಿರೋದು ಒಬ್ರೇ. ತೀರ್ಕೊಂಡಿರೋರು," ಎಂದ.

"ಬೀರಯ್ಯ, ಎಡೆ ಇಟ್ಟಮೇಲೆ ನಿಮ್ಮನೇಲಿ ಅದನ್ನ ಯಾರು ತಿಂತಾರೆ?"

"ನಮ್ಮನೆಯವ್ಳು ಸಾರ್," ಎಂದವನು ಹಾಗೇ ಬಾಯಿ ತೆರೆದು ನಿಂತ.

ಹೆಂಗಸರ ಹೇಳಿಕೆಯನ್ನು ಅವರ ಮನೆಯಲ್ಲೇ ಪಡೆಯಬೇಕೆಂಬುದು ನಿಯಮ. ಮಹಡಿಯ ಮೇಲೆ ಹನುಮಂತರಾಜು ಅವರ ಪತ್ನಿ ಶಶಿಕಲಾ ಬಾಗಿಲಲ್ಲೇ ಇದ್ದರು. ಹಿಂದೆ ಗೋಡೆಯಲ್ಲಿ ಫೋಟೊದ ಜಾಗ ಚೌಕಾಕಾರವಾಗಿ ಖಾಲಿ ಇತ್ತು. ಗಿರಿಯಮ್ಮ ಇನ್ನೂ ಠಾಣೆಯಲ್ಲಿದ್ದರು. ಇಂಪನಾ ಹೇಳಿಕೆ ಬರೆದುಕೊಳ್ಳತೊಡಗಿದಳು.

"ಭಾನುವಾರದ ಎಡೆ ಪಾಯಸ ಯಾರು ತಿಂದಿದ್ದು?"

"ನಾನೇ."

"ಹೇಗಿತ್ತು?"

"ಬರ್ದಿದೀನಲ್ಲ ಸಾರ್."

ಹಿಂದೆಯೇ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ ಹನುಮಂತರಾಜು ಅಲ್ಲೇ ಗೋಡೆ ಹಿಡಿದುಕೊಂಡರು. "ನೀನಾ? ಏನ್ಲೇ ಇದು? ನನಗೇ ಹೇಳ್ಬೋದಿತ್ತಲ್ಲ!"

"ಹೇಳಿದ್ದೆ. ಮದುವೆಯಾದ ಮೂರನೇ ವರ್ಷ, ಹುಳಿಗೆ ಉಪ್ಪು ಕಮ್ಮಿ ಅಂದೆ. 'ನಿಂಗೇನ್ ಗೊತ್ತು' ಅಂದು ಮೂರು ದಿನ ಮಾತಾಡ್ಲಿಲ್ಲ ನೀವು. ಆಮೇಲೆ ಹದಿನಾರು ವರ್ಷ ಎಲ್ಲಾನೂ ಚೆನ್ನಾಗಿದೆ ಅಂದೆ. ಅತ್ತೆ ಇದ್ದಾಗ ಅವ್ರು ಹೇಳೋರು, ನೀವು ಕೇಳೋರು."

"ನಿಮ್ಮ ಹೆಸರಲ್ಲೇ ಬರೀಬಹುದಿತ್ತು," ಎಂದರು ಭಾನುಪ್ರಕಾಶ್.

"ಯಾರು ಓದ್ತಿದ್ರು ಸಾರ್? ಗಂಡ ಹೆಂಡ್ತಿ ಜಗಳ ಅಂತಿದ್ರು. ಅತ್ತೆ ಮುಖ ಇಟ್ಟು ಇಂಗಿನ ವಿಷ್ಯ ಬರ್ದೆ, ಮಾರನೇ ದಿನಾನೇ ಹೊಸ ಇಂಗು ಬಂತು." ಅವರ ದನಿ ತಗ್ಗಿತು. "ಗುಬ್ಬಿ ಮದುವೆಗೆ ತೊಂದ್ರೆ ಆಗುತ್ತೆ ಅಂತ ನಂಗೆ ಹೊಳೀಲಿಲ್ಲ."

ಎದುರಿನ ಹೋಟೆಲಿನಿಂದ ಕರೆಸಿದ ಇಬ್ಬರು ಪಂಚರ ಸಮಕ್ಷಮ ಮೊಬೈಲ್ ಜಪ್ತಿಯಾಯಿತು. ಪಂಚನಾಮೆಗೆ ಸಹಿ ಹಾಕಿದ ಒಬ್ಬ, "ಅಜ್ಜಿ ನೀವೇನಾ ಅಕ್ಕ? ನಮ್ಮ ಹೋಟ್ಲು ಸಾಂಬಾರ್ ಬಗ್ಗೆ ಮಾತ್ರ ಬರೀಬೇಡಿ," ಎಂದ.

"ನೋಟಿಸ್ ಕೊಟ್ಟರೂ ಸಾಕು," ಎಂದು ಭಾನುಪ್ರಕಾಶ್ ಶುರು ಮಾಡಿದರೆ, ಹನುಮಂತರಾಜು ಕೂಗಿದರು: "ಅರೆಸ್ಟೇ ಮಾಡಿ ಸಾರ್! ಸತ್ತಿರೋ ನಮ್ಮವ್ವನ ಮುಖ ಇಟ್ಕೊಂಡವ್ಳೆ!"

ಶಶಿಕಲಾ ಸೆರಗು ಸರಿಪಡಿಸಿಕೊಂಡರು. "ಮಾಡಿ ಸಾರ್. ಬಿಟ್ರೆ ನಾಳೆ ಬೇರೆ ಫೋನ್ ತಗೊಂಡು ಮತ್ತೆ ಬರೀತೀನಿ." ಆ ಮೇಲೆ ಆಯ್ಕೆ ಉಳಿಯಲಿಲ್ಲ. ಬೆಳಿಗ್ಗೆ 10.40ಕ್ಕೆ ಇಂಪನಾ ಅವರನ್ನು ಬಂಧಿಸಿದಳು.

ಠಾಣೆಯಲ್ಲಿ ಇನ್ನೊಂದು ತೊಡಕು ಎದುರಾಯಿತು. ಅಪರಾಧ ಜಾಮೀನು ಸಿಗುವಂಥದ್ದು; ಜಾಮೀನಿಗೆ ಒಬ್ಬರು ಬೇಕು. ಆರೋಪಿಗೆ ಊರಿನಲ್ಲಿ ಗಂಡನ ಹೊರತು ಯಾರೂ ಇರಲಿಲ್ಲ. ಗಂಡನೇ ದೂರುದಾರ.

"ದೂರು ಕೊಟ್ಟೋರೇ ಜಾಮೀನು ನಿಂತ್ರೆ ನಡೀತದಾ ಸಾರ್?" ಎಂದು ಬೀರಯ್ಯ ಕೇಳಿದ.

"ಬೇಡ ಅಂತ ಎಲ್ಲೂ ಬರೆದಿಲ್ಲ."

ಹನುಮಂತರಾಜು ಸಹಿ ಹಾಕದೆ ಪೆನ್ನು ಹಿಡಿದು ಕೂತಿದ್ದಾಗ, ಚಿಕ್ಕಮಾರಯ್ಯ ಕ್ಯಾರಿಯರ್ ಹಿಡಿದು ಒಳಗೆ ಬಂದ. "ಹನುಮಂತಣ್ಣ, ಮಧ್ಯಾಹ್ನದ ನಾಮಕರಣದ ಊಟ ಟೆಂಪೊದಲ್ಲೈತೆ. ಎಡೆ ಆಗ್ದೆ ಗಾಡಿ ಬಿಡಂಗಿಲ್ಲ. ಅವ್ವನೂ ಇಲ್ಲೇ ಅವ್ರೆ, ಎಡೆ ಇಡೋ ಅಮ್ಮನೂ ಇಲ್ಲೇ ಅವ್ರೆ."

ಕ್ಯಾರಿಯರನ್ನು ಮೇಜಿನ ಮೇಲೆ, ಗಿರಿಯಮ್ಮನ ಫೋಟೊದ ಮುಂದೆ ಇಟ್ಟ. ಹನುಮಂತರಾಜು ಫೋಟೊ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಮೇಲಿನ ಡಬ್ಬಿ ತೆಗೆದು ಆರೋಪಿಯ ಮುಂದೆ ಸರಿಸಿದರು.

"ನೋಡು."

ಶಶಿಕಲಾ ಬೆರಳದ್ದಿ ಬಾಯಿಗಿಟ್ಟುಕೊಂಡರು. ಗಂಡನ ಮುಖ ನೋಡಿದರು. "ಹುಳಿಗೆ ಉಪ್ಪು ಕಮ್ಮಿ."

ಹನುಮಂತರಾಜು ಫೋನ್ ಎತ್ತಿದರು. "ಹುಳಿಗೆ ಉಪ್ಪು ಹಾಕ್ರಲಾ. ಹಾಕಿ, ಗಾಡಿ ಬಿಡ್ರಿ." ನಂತರ ಜಾಮೀನು ಪತ್ರಕ್ಕೆ ಸಹಿ ಹಾಕಿ, ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಗುಬ್ಬಿ ಗೌಡ್ರಿಗೆ ಏನ್ ಹೇಳ್ಲಿ ಸಾರ್?"

ಉತ್ತರ ಶಶಿಕಲಾ ಕೊಟ್ಟರು. "25ನೇ ತಾರೀಕು ಗಾಡಿ ಜೊತೆ ನಾನೂ ಬರ್ತೀನಿ, ಮೊದ್ಲ ಸೌಟು ಅವ್ರೆದುರಿಗೇ ರುಚಿ ನೋಡ್ತೀನಿ ಅಂತ ಹೇಳಿ."

ರಾಜಿಗೆ ಅವಕಾಶವಿರುವ ಪ್ರಕರಣ. ಆ ಮಾತು ನ್ಯಾಯಾಲಯದಲ್ಲಿ ಎಂದು ಹೇಳಿ ಭಾನುಪ್ರಕಾಶ್ ಇಬ್ಬರನ್ನೂ, ಫೋಟೊವನ್ನೂ ಕಳಿಸಿಕೊಟ್ಟರು. ಕ್ಯಾರಿಯರ್ ಠಾಣೆಯಲ್ಲೇ ಉಳಿಯಿತು. ಅದರ ವಿಲೇವಾರಿಯನ್ನು ಬೀರಯ್ಯ ನೋಡಿಕೊಂಡ.

ಸಂಜೆ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯಬೇಕಾದಲ್ಲಿ ಭಾನುಪ್ರಕಾಶ್ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಕೊನೆಗೆ ಬರೆದರು: 'ಮನೆಯಲ್ಲಿ ಹೇಳಿದ್ದನ್ನು ಯಾರೂ ಕೇಳುತ್ತಿರಲಿಲ್ಲ.'

"ಸಾರ್, ಆ 'ಬೆಳಗಿನ ಇಬ್ಬನಿ' ಖಾತೆ ಇವತ್ತು ಕಾಣಿಸ್ತಿಲ್ಲ," ಎಂದಳು ಇಂಪನಾ, ಬಾಗಿಲಲ್ಲಿ ನಿಂತು. "ಯಾರೋ ಅಳಿಸಿದಾರೆ."

"ಹೌದಾ?" ಎಂದು ಇನ್‌ಸ್ಪೆಕ್ಟರ್ ಡೈರಿ ಮುಚ್ಚಿದರು.