ಮೂರನೇ ಬಟ್ಟಲಿನ ಬೆಣ್ಣೆ

ನಮ್ಮ ಅಂಗಡಿಯ ದೊಡ್ಡ ಫ್ರಿಜ್ಜಿನ ಬಾಗಿಲನ್ನು ಒಂದು ನಿಮಿಷ ತೆರೆದಿಟ್ಟರೆ ಸಾಕು, ಪೀಂ ಪೀಂ ಎಂದು ಬೊಬ್ಬೆ ಹೊಡೆಯುತ್ತದೆ. ಆವತ್ತು ಅದು ಬೊಬ್ಬೆ ಹೊಡೆದು ಹೊಡೆದು ಸುಸ್ತಾಗಿತ್ತು. ಬಾಗಿಲು ಹಿಡಿದು ನಿಂತಿದ್ದವಳಿಗೆ ಮಾತ್ರ ಅದು ಕೇಳಿಸಿದ ಹಾಗಿರಲಿಲ್ಲ.

ಬ್ರಹ್ಮಾವರದ ಬಸ್ ಸ್ಟ್ಯಾಂಡಿನ ಹತ್ತಿರ ಇರುವ ಆ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲು, ಮೊಸರು, ಬೆಣ್ಣೆಯ ಉಸ್ತುವಾರಿ ನನ್ನದು. ಹಾಗಾಗಿ ಬೈಯುವ ಹಕ್ಕೂ ನನ್ನದೇ ಎಂದುಕೊಂಡು ಹೋದೆ.

"ಹ್ವಾಯ್, ಬಾಗ್ಲ್ ಹಾಕಿ ಮರ್ರೆ. ಐಸ್‌ಕ್ರೀಂ ಎಲ್ಲ ಪಾಯ್ಸ ಆತ್ತ್."

"ಒಂದ್ ನಿಮ್ಷ. ಓದ್ತಾ ಇದ್ದೆ."

"ಎಂತ ಓದುಕಿತ್ತ್ ಅದ್ರಗೆ? ಬೆಣ್ಣಿ ಅಲ್ದಾ? ಕಾದಂಬ್ರಿಯಾ?"

ಅವಳು ತಿರುಗಿದಳು. ಫ್ರಿಜ್ಜಿನ ತಣ್ಣನೆ ಗಾಳಿಗೆ ಮೂಗಿನ ತುದಿ ಕೆಂಪಾಗಿತ್ತು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ತುಂಟತನವಿತ್ತು. ಎರಡು ಪ್ಯಾಕೆಟ್ ಎತ್ತಿ ನನ್ನ ಮುಖದ ಮುಂದೆ ಹಿಡಿದಳು.

"ಇವೆರಡ್ರಗೆ ಎಂತ ವ್ಯತ್ಯಾಸ? ಹೇಳಿ ಕಾಂಬ."

"ಒಂದ್ರ ಕವರ್ ಹಳ್ದಿ. ಇನ್ನೊಂದ್ರದ್ ನೀಲಿ."

"ಒಂದ್ ಬೆಣ್ಣಿ. ಇನ್ನೊಂದ್ ಬೆಣ್ಣಿಯೇ ಅಲ್ಲ, ಎಣ್ಣಿ. ಹಿಂದ್ ಬದಿ ಸಣ್ಣ್ ಅಕ್ಷರ್ದಗೆ ಬರ್ದಿದ್ರ್, ಕಾಣಿ."

ಕಂಡೆ. ನಿಜವೇ. ನಾಲ್ಕು ವರ್ಷದಿಂದ ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸುತ್ತಿದ್ದೆ, ಒಂದು ದಿನವೂ ಹಿಂದೆ ತಿರುಗಿಸಿ ಓದಿರಲಿಲ್ಲ. ಅವಳು ನಕ್ಕಳು. ನಾನು ಅಲ್ಲಿಗೇ ಕರಗಿದೆ ಎಂದರೆ ಐಸ್‌ಕ್ರೀಮಿಗೆ ಅವಮಾನ. ಆದರೂ ಸತ್ಯ ಅದೇ.

ಅವಳ ಹೆಸರು ನಿಶ್ಮಿತಾ. ಊರು ಸಾಸ್ತಾನ. ಅಮ್ಮ ಸೀತು ಮೀನು ಮಾರುತ್ತಾರೆ. ಇವಳಿಗೆ ಬೆಣ್ಣೆ ಬಿಸ್ಕೆಟ್ ಮಾಡಿ ಮಾರುವ ಆಸೆ. ಕುಂದಾಪುರದಲ್ಲಿ ಬೇಕರಿ ಇಟ್ಟಿರುವ ಅಶೋಕಣ್ಣ ಎಂಬವರು, ಬರುವ ತಿಂಗಳ ಮೊದಲ ಶನಿವಾರ ಸ್ಯಾಂಪಲ್ ತಂದು ಕೊಡು, ಹಿಡಿಸಿದರೆ ಪ್ರತಿ ವಾರ ತೆಗೆದುಕೊಳ್ಳುತ್ತೇನೆ ಎಂದಿದ್ದರು. ಹಾಗಾಗಿ ಅವಳು ಅಂಗಡಿಯಲ್ಲಿ ಸಿಗುವ ಬೆಣ್ಣೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಲು ಹೊರಟಿದ್ದಳು.

"ಒಂದ್ ಉಪಕಾರ ಆಯ್ಕಿತ್ತ್," ಎಂದಳು ಎರಡನೇ ಸಲ ಬಂದಾಗ. "ನನ್ ಬೆಣ್ಣಿ ಇಲ್ಲೇ ಇಟ್ಕಂತ್ರಿಯಾ?"

"ಎಂತಕ್? ಮನಿಯಗೆ ಫ್ರಿಜ್ ಇಲ್ಯಾ?"

"ಇತ್ತ್. ಅದ್ರ ತುಂಬ ಅಮ್ಮನ್ ಮೀನ್. ಬೆಣ್ಣಿ ಯಾವ್ ವಾಸ್ನಿ ಸಿಕ್ರೂ ಎಳ್ಕಂತ್. ಮೊದಲ್ನೇ ಸಲ ಮಾಡದ್ ಬಿಸ್ಕೆಟ್ ಬಂಗ್ಡಿ ವಾಸ್ನಿ ಬಂತ್. ಹೊಗಳಿ ತಿಂದದ್ ನಮ್ಮನಿ ಬೆಕ್ಕ್ ಮಾತ್ರ."

ಸ್ಟಾಫಿನ ಸಣ್ಣ ಫ್ರಿಜ್ಜಿನಲ್ಲಿ ನಾವು ಊಟದ ಡಬ್ಬಿ ಇಡುತ್ತಿದ್ದೆವು. ಅದರ ಕೆಳಗಿನ ಅಂತಸ್ತನ್ನು ಸೋಡಾ ಹಾಕಿ ಉಜ್ಜಿ ಅವಳಿಗೆ ಬಿಟ್ಟುಕೊಟ್ಟೆ. ಮುಚ್ಚಳದ ಡಬ್ಬಿಯ ಮೇಲೆ ಅವಳ ಹೆಸರು ಬರೆದು ಅಂಟಿಸಿದೆ. ಅಕ್ಷರ ಚಂದ ಬರಲಿಲ್ಲ ಎಂದು ಎರಡು ಸಲ ಹರಿದು ಬರೆದದ್ದನ್ನು ಯಾರಿಗೂ ಹೇಳಿಲ್ಲ.

ಬುಧವಾರ, ಶನಿವಾರ ಅವಳು ಬರುತ್ತಿದ್ದಳು. ಬೆಣ್ಣೆ ಒಯ್ಯುವಾಗ ಹಿಂದಿನ ಸಲದ ಬಿಸ್ಕೆಟ್ ತಂದು ಕೊಡುತ್ತಿದ್ದಳು. ನಾನು ತಿನ್ನುವಾಗ ನನ್ನ ಬಾಯನ್ನೇ ನೋಡುತ್ತಿದ್ದಳು. ಅಷ್ಟು ಹತ್ತಿರದಿಂದ ಅಷ್ಟು ಚಂದದ ಕಣ್ಣು ನೋಡುತ್ತಿದ್ದರೆ ಯಾರಿಗೆ ರುಚಿ ಗೊತ್ತಾಗುತ್ತದೆ?

"ಹ್ಯಾಂಗಿತ್ತ್?"

"ಲಾಯ್ಕಿತ್ತ್."

"ಹೋದ್ವಾರವೂ ಅದೇ ಹೇಳಿದ್ರಿ. ನಿಮ್ಗೆ ಬಿಸ್ಕೆಟಿಗೆ ಬೆಣ್ಣಿ ಹಾಕುಕೆ ಬಪ್ಪುದಿಲ್ಲೆ, ನಂಗ್ ಬೆಣ್ಣಿ ಹಚ್ಚುಕೆ ಮಾತ್ರ ಬತ್ತ್."

ಕೊನೆಗೆ ನಾಲ್ಕು ಬೆಣ್ಣೆ ಉಳಿದವು. ಒಂದನೇ ನಂಬರ್ ಉಪ್ಪು ಹಾಕಿದ ಹಳದಿ ಬೆಣ್ಣೆ, ಎರಡನೆಯದು ಉಪ್ಪಿಲ್ಲದ ಪ್ಯಾಕೆಟ್ ಬೆಣ್ಣೆ, ಮೂರನೆಯದು ಡಬ್ಬಿಯಲ್ಲಿ ಬರುವ ಬಿಳಿ ಬೆಣ್ಣೆ, ನಾಲ್ಕನೆಯದು ಹೊರದೇಶದಿಂದ ಬರುವ ದುಬಾರಿ ಬೆಣ್ಣೆ. ಹೆಸರು, ಬಣ್ಣ, ರೇಟು ಯಾವುದೂ ಕಾಣದೆ ನಾಲಿಗೆಯೊಂದೇ ಹೇಳಬೇಕು ಎಂದಳು. ನಾಲ್ಕನ್ನೂ ನಾಲ್ಕು ಬಟ್ಟಲಿಗೆ ಹಾಕಿ ತಿನ್ನಿಸುವ ಕೆಲಸ ನನ್ನದು. ಸೋಮವಾರ ಮಧ್ಯಾಹ್ನ ಗೋಡೌನಿನಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ದುಪಟ್ಟಾದಲ್ಲಿ ಕಣ್ಣು ಕಟ್ಟಿಕೊಂಡಳು.

"ಮೋಸ ಮಾಡುಕಾಗ. ನಿಮ್ನೊಬ್ರನ್ನೇ ನಂಬಿ ಕೂತಿದ್ದೆ," ಎಂದಳು.

ನಾನು ಮಾಡಿದ್ದು ಅದನ್ನೇ.

ನನ್ನ ಊರು ಕೆರಾಡಿ. ಭಾನುವಾರ ಮನೆಗೆ ಹೋದಾಗಲೆಲ್ಲ ಅಮ್ಮ ಮೊಸರು ಕಡೆದು ತೆಗೆದ ಬೆಣ್ಣೆಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಉಂಡೆ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಡುತ್ತಾಳೆ. ಆ ಡಬ್ಬಿ ಆವತ್ತು ನನ್ನ ಬ್ಯಾಗಿನಲ್ಲಿತ್ತು. ಮೂರನೇ ಬಟ್ಟಲಿಗೆ ಅಂಗಡಿಯ ಬಿಳಿ ಬೆಣ್ಣೆ ಹಾಕುವ ಬದಲು ಅಮ್ಮನ ಬೆಣ್ಣೆ ಹಾಕಿದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುತ್ತಾರಲ್ಲ, ಅದೇ ನ್ಯಾಯ. ನಮ್ಮ ಮನೆಯದ್ದು ಏನಾದರೂ ಒಂದು ಸಲ ಅವಳಿಗೆ ಇಷ್ಟವಾಗಲಿ ಎಂಬ ಆಸೆ ಅಷ್ಟೇ. ತಿಂದ ಕೂಡಲೇ ಹೇಳಿಬಿಡುವುದು ಎಂದುಕೊಂಡಿದ್ದೆ.

"ಒಂದನೇದ್, ಉಪ್ಪ್ ಮುಂದ್ ಬತ್ತ್, ಬೆಣ್ಣಿ ಹಿಂದೆ," ಎಂದಳು. "ಎರಡ್ನೇದ್ ಪಾಪ, ಸಾಧು. ಎಂತದೂ ಮಾತಾಡುದಿಲ್ಲೆ."

ಮೂರನೆಯದು ಬಾಯಿಗೆ ಹೋದ ಮೇಲೆ ಕಟ್ಟಿದ ಬಟ್ಟೆಯ ಕೆಳಗೆ ಕೆನ್ನೆ ಅರಳುವುದು ಕಂಡಿತು.

"ಇದೇ," ಎಂದಳು ಮೆಲ್ಲಗೆ. "ಇದೇ ಸೈ. ಎಂತ ಪರಿಮಳ ಮರ್ರೆ!"

ನಾಲ್ಕನೆಯದನ್ನು ತಿಂದಳೋ ಇಲ್ಲವೋ, ಕಟ್ಟು ಬಿಚ್ಚಿ ಪುಸ್ತಕದಲ್ಲಿ 'ಮೂರು, ಬಿಳಿ ಬೆಣ್ಣೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಅವಳ ಮುಖದಲ್ಲಿ ಅಷ್ಟು ಖುಷಿ ನಾನು ನೋಡಿರಲಿಲ್ಲ. ಆ ಖುಷಿ ಹಾಳು ಮಾಡಲು ಬಾಯಿ ಬರಲಿಲ್ಲ. ಅವಳು ಬಿಳಿ ಬೆಣ್ಣೆಯ ಡಬ್ಬಿಗಳನ್ನು ಕೊಂಡು ಬಸ್ ಹತ್ತಿದಳು. ನಾನು ಹೇಡಿಯ ಹಾಗೆ ಕೈ ಬೀಸಿದೆ.

ಬುಧವಾರ ಅವಳು ಬರಲಿಲ್ಲ. ಯಾರು ಬೆಣ್ಣೆ ಕೇಳಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪರಿಸ್ಥಿತಿ ನನ್ನದು. ಗುರುವಾರ ಮಧ್ಯಾಹ್ನ ಬಂದಳು. ಕಣ್ಣು ಊದಿಕೊಂಡಿತ್ತು.

"ನನ್ ಡಬ್ಬಿ ಕೊಡಿ. ಬಿಸ್ಕೆಟ್ ಕೆಲ್ಸ ಬಿಟ್ಟೆ."

"ಎಂತಾಯ್ತ್?"

"ಮೂರ್ ದಿನ, ಆರ್ ಸಲ ಮಾಡ್ದೆ. ಆ ಪರಿಮಳ ಬರ್ಲೇ ಇಲ್ಲೆ. ಬೆಣ್ಣಿ ಅದೇ, ಹಿಟ್ಟ್ ಅದೇ. ನನ್ ಕೈಯೇ ಸಮ ಇಲ್ಲೆ. ಅಶೋಕಣ್ಣನಿಗೆ ಫೋನ್ ಮಾಡಿ ಬಪ್ಪುದಿಲ್ಲೆ ಅಂದ್ ಹೇಳ್ತೆ."

ಇನ್ನು ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ.

"ನಿಮ್ ಕೈ ಸಮ ಇತ್ತ್. ಸಮ ಇಲ್ದೆ ಇದ್ದದ್ ನಾನ್. ಮೂರ್ನೇ ಬಟ್ಲಗೆ ಇದ್ದದ್ ಡಬ್ಬಿ ಬೆಣ್ಣಿ ಅಲ್ಲ. ನಮ್ಮಮ್ಮ ಕಡ್ದ್ ತೆಗ್ದ್ ಬೆಣ್ಣಿ."

ಅವಳು ನನ್ನನ್ನೇ ನೋಡಿದಳು.

"ಎಂತಕ್?"

"ನಂಗ್ ನೀವಂದ್ರೆ ಇಷ್ಟ. ನಮ್ಮನಿ ಬೆಣ್ಣಿ ನಿಮ್ಗೆ ಇಷ್ಟ ಆಯ್ಕ್ ಅಂದ್ ಆಸಿ ಇದ್ದಿತ್ತ್."

ಎಷ್ಟೋ ರಾತ್ರಿ ಮನಸ್ಸಿನಲ್ಲಿ ಹೇಳಿಕೊಂಡಿದ್ದ ಮಾತು. ಹೇಳುವ ಗಳಿಗೆ ಮಾತ್ರ ಇಷ್ಟು ಕೆಟ್ಟದಾಗಿ ಸಿಕ್ಕಿತು.

"ಇಷ್ಟ ಇದ್ರೆ ಸುಳ್ ಹೇಳುದಾ?" ಎಂದಳು. "ಮೂರ್ ದಿನ ನನ್ ಕೈಗೆ ನಾನೇ ಬೈಕಂಡೆ, ಗೊತ್ತಿತ್ತಾ? ಇನ್ ನೀವ್ ಎಂತ ಹೇಳ್ರೂ ನಾನ್ ಹ್ಯಾಂಗ್ ನಂಬುದ್?"

ಡಬ್ಬಿ ಎತ್ತಿಕೊಂಡು ಹೋದಳು. ಸಣ್ಣ ಫ್ರಿಜ್ಜಿನ ಕೆಳಗಿನ ಅಂತಸ್ತು ಖಾಲಿಯಾಯಿತು.

ಶುಕ್ರವಾರಕ್ಕೆ ರಜೆ ಹೇಳಿ, ಆ ಗುರುವಾರ ಸಂಜೆಯೇ ಕೆರಾಡಿಗೆ ಹೋದೆ. ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೆಣ್ಣೆಯ ಬಗ್ಗೆ ಅಮ್ಮ ಉಮಾವತಿ ಯಾರ ಮಾತನ್ನೂ ಸಹಿಸುವವಳಲ್ಲ.

"ನನ್ ಬೆಣ್ಣಿ ತಕಂಡ್ ಹೋಯಿ ಹೆಣ್ಣಿಗ್ ಮೋಸ ಮಾಡದ್ಯಾ? ಥೂ!" ಎಂದಳು. ಬೆಳಿಗ್ಗೆ ನಾನು ಏಳುವ ಮೊದಲೇ ಕಡೆದು, ತೊಳೆದು, ಡಬ್ಬಿ ತುಂಬಿಸಿಟ್ಟಿದ್ದಳು. "ಹೋಯ್ ಕೊಡ್. ಎಂತ ಕೇಂಡ್ರೂ ಸತ್ಯವೇ ಹೇಳ್ಕ್."

ದಾರಿಯಲ್ಲಿ ಎರಡನೇ ನಂಬರಿನ ಸಾಧು ಪ್ಯಾಕೆಟ್ಟನ್ನೂ ಕೊಂಡುಕೊಂಡೆ. ಸಾಸ್ತಾನದ ಅವರ ಮನೆಯಂಗಳದಲ್ಲಿ ಸೀತಕ್ಕ ಮೀನು ಬುಟ್ಟಿ ತೊಳೆಯುತ್ತಿದ್ದರು.

"ಬೆಣ್ಣಿ ಅಂಗಡಿಯರಾ?" ಎಂದರು, ಮೇಲಿನಿಂದ ಕೆಳಗಿನವರೆಗೆ ನೋಡಿ. "ಒಳ್ಗ್ ಬನಿ. ಹುಡ್ಗಿ ನಿನ್ನೆಯಿಂದ ಪಾತ್ರಿ ಕುಕ್ಕ್ತಾ ಇತ್ತ್. ಇನ್ ಎರಡ್ ದಿನ ಆರೆ ನಮ್ಮನಿಯಗೆ ಪಾತ್ರಿ ಉಳೂದಿಲ್ಲೆ."

ನಿಶ್ಮಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಎರಡೂ ಬೆಣ್ಣೆಯನ್ನು ಮೇಜಿನ ಮೇಲಿಟ್ಟೆ.

"ಇದ್ ಅಮ್ಮನ್ದ್. ಇದ್ ಪ್ಯಾಕೆಟ್. ನಾಳೆ ಸ್ಯಾಂಪಲ್ ಅಲ್ದಾ? ನನ್ ಮೇಲಿನ್ ಸಿಟ್ಟಿಗೆ ಬಿಸ್ಕೆಟ್ ಬಿಡಬೇಡಿ."

ಅವಳು ಹಿಟ್ಟು ತೆಗೆದಳು. ಎರಡು ಪಾತ್ರೆ, ಎರಡು ಬೆಣ್ಣೆ. ಅವಳ ಕೈ ಹಿಟ್ಟಿನೊಳಗೆ ಓಡಾಡುವುದನ್ನು ನಾನು ಮೊದಲ ಬಾರಿ ನೋಡಿದ್ದು ಆಗಲೇ. ಇಷ್ಟು ಚಂದದ ಕೈಗೆ ಮೂರು ದಿನ ಬೈಗುಳ ಬೀಳುವ ಹಾಗೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಓವನ್ನಿನಿಂದ ಪರಿಮಳ ಎದ್ದಾಗ ಸೀತಕ್ಕ ಕೂಡ ಬುಟ್ಟಿ ಬಿಟ್ಟು ಒಳಗೆ ಬಂದರು.

ಬಿಸಿ ಆರಿದ ಮೇಲೆ ಎರಡು ತಟ್ಟೆ ನನ್ನ ಮುಂದೆ ಬಂತು.

"ಬಲ್ಗೈ ಬದಿದ್ ನಿಮ್ಮಮ್ಮನ್ ಬೆಣ್ಣಿದ್," ಎಂದಳು. "ತಿಂದ್ ಹೇಳಿ. ಅಶೋಕಣ್ಣನಿಗೆ ಯಾವ್ದ್ ಕೊಡುದ್?"

ತಿಂದೆ. ಅಮ್ಮನ ಬೆಣ್ಣೆಯದ್ದು ಘಮ್ ಎನ್ನುತ್ತಿತ್ತು, ಆದರೆ ಹರಡಿಕೊಂಡು ಮೆತ್ತಗಾಗಿತ್ತು. ಪ್ಯಾಕೆಟ್ಟಿನದ್ದು ಹಲ್ಲಿಗೆ ಸಿಕ್ಕಿದ ಕೂಡಲೇ ಕರುಂ ಎಂದು ಮುರಿದು, ಆಮೇಲೆ ನಾಲಿಗೆಯಲ್ಲಿ ಕರಗಿತು. ಬೆಳಗಿನ ಕತ್ತಲಲ್ಲಿ ಎದ್ದು ಕಡೆದ ಅಮ್ಮನ ಮುಖ ಕಣ್ಣ ಮುಂದೆ ಬಂತು. ನಿಶ್ಮಿತಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಉತ್ತರ ಮೊದಲೇ ಗೊತ್ತಿದೆ, ಅವಳು ಕಾಯುತ್ತಿರುವುದು ನನ್ನ ಬಾಯಿಯಿಂದ ಏನು ಬರುತ್ತದೆ ಎಂದು.

"ಪ್ಯಾಕೆಟಿಂದೇ ಒಳ್ಳೇದಾಯ್ತ್," ಎಂದೆ. "ಅಮ್ಮನ್ದ್ ಮೆತ್ತಗಾಯ್ತ್. ಅದನ್ ಕೊಡ್ಬೇಡಿ."

ಅವಳ ಬಿಗಿದ ಹೆಗಲು ಸಡಿಲಾಯಿತು.

"ಹೌದ್. ಮನಿ ಬೆಣ್ಣಿಯಗೆ ನೀರ್ ಜಾಸ್ತಿ. ಹಾಂಗೇ ತಿಂಬುಕೆ ಅದನ್ ಮೀರ್ಸುದ್ ಯಾವ್ದೂ ಇಲ್ಲೆ, ಬಿಸ್ಕೆಟಿಗ್ ಆತಿಲ್ಲೆ." ತಲೆ ಬಗ್ಗಿಸಿ ಹೇಳಿದಳು, "ಅಮ್ಮನ್ ಬೆಣ್ಣಿ ಬಿಟ್ಟ್ ಕೊಟ್ಟ್ ಸತ್ಯ ಹೇಳಿದ್ರಿ ಅಲ್ದಾ? ಇನ್ ನಂಬ್ತೆ."

"ಮತ್ತೆ ನಾನ್ ನಿನ್ನೆ ಹೇಳಿದ್ದ್?"

"ಯಾವ್ದ್? ಬೆಣ್ಣಿದಾ?"

"ಅಲ್ಲ. ಇಷ್ಟ ಅಂದ್ ಹೇಳದ್."

ಅವಳ ಕಿವಿ ಕೆಂಪಾಯಿತು. "ಅದ್ ಸುಳ್ಳ್ ಅಂದ್ ಕಂಡಿದ್ರೆ ಪಾತ್ರಿ ಕುಕ್ಕ್ತಿರ್ಲಿಲ್ಲೆ ನಾನ್. ನಂಗೂ ಇಷ್ಟವೇ," ಎಂದಳು.

ಸೀತಕ್ಕ ಅಂಗಳದತ್ತ ಹೊರಟವರು ತಿರುಗಿ ನಿಂತರು. "ಹ್ವಾಯ್, ಮೀನ್ ತಿಂತ್ರಿ ಅಲ್ದಾ?"

"ತಿಂತೆ ಅಕ್ಕ."

"ಹಾಂಗಾರೆ ಊಟ ಮಾಡ್ಕಂಡೇ ಹೋಯ್ಕ್," ಎಂದು ಹೊರಗೆ ಹೋದರು.

ನಿಶ್ಮಿತಾ ನನ್ನ ಅಮ್ಮನ ಬೆಣ್ಣೆಯಲ್ಲಿ ಉಳಿದದ್ದನ್ನು ಒಂದು ಬಟ್ಟಲಿಗೆ ಹಾಕಿ, ಸ್ಟೀಲ್ ಡಬ್ಬಿಯನ್ನು ತೊಳೆದು ಒರೆಸಿದಳು. ನಾನು ಕೈ ಚಾಚಿದೆ. ಕೊಡಲಿಲ್ಲ.

"ಖಾಲಿ ಡಬ್ಬಿ ವಾಪಸ್ ಕೊಡುಕಾಗ, ಗೊತ್ತಿಲ್ಯಾ? ಬಿಸ್ಕೆಟ್ ತುಂಬ್ಸಿ ನಾನೇ ತಂದ್ ನಿಮ್ಮಮ್ಮನ್ ಕೈಯಗೆ ಕೊಡ್ತೆ. ಈ ಭಾನ್ವಾರ ಬರ್ಲಾ? ಕುಂದಾಪ್ರದಿಂದ ಕೆರಾಡಿಗೆ ಬಸ್ ಎಷ್ಟ್ ಗಂಟಿಗಿತ್ತ್?"

ಹುಟ್ಟಿದಾಗಿನಿಂದ ಅದೇ ಬಸ್ಸಿನಲ್ಲಿ ಓಡಾಡಿದವನು ನಾನು. ಎಷ್ಟು ಯೋಚಿಸಿದರೂ ಟೈಮ್ ನೆನಪಾಗಲಿಲ್ಲ.