ಕಪ್ಪು ಕಾರಿನ ನಿಂಬೆಹಣ್ಣು

“ಅದೊಂದನ್ನು ಮುಟ್ಟಬೇಡಿ ಮಾರಾಯ್ರೆ,” ಎಂದರು ವಾರಿಜಾ. “ಇವರ ಜೀವ ತೆಗೆದದ್ದು ಅದರೊಳಗೆ ಉಂಟು.”

ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಮುಚ್ಚಿದ ಕಾರ್ಖಾನೆಯೊಂದರಲ್ಲಿ ಹಳೆಯ ಮೋಟಾರುಗಳ ಸಂಗ್ರಹಾಲಯ. ಮೂಲೆಯಲ್ಲಿ ಅವರ ಗಂಡ ರಮಾಕಾಂತರ ಕಪ್ಪು ಕಾರು. ಅವರ ಹೋಟೆಲು ಕುದುರಿದ್ದನ್ನು ಸಹಿಸದ ದಾಯಾದಿಯೊಬ್ಬ ಮಾಡಿಸಿದ ಮಾಟಕ್ಕೆ, ಆ ಸ್ಟೇರಿಂಗಿನ ಮುಂದೆಯೇ ಉಸಿರು ಕಟ್ಟಿ ಸತ್ತವರು. ಊರಿಂದ ಬಂದ ಮಂತ್ರವಾದಿ ಆ ಮಾಟವನ್ನು ನಿಂಬೆ-ಮೆಣಸಿನಕಾಯಿ ಸರಕ್ಕೆ ಇಳಿಸಿ ಕಾರಿನ ಕನ್ನಡಿಗೆ ಕಟ್ಟಿ ಹೋಗಿದ್ದ. ಬೇರೆ ಗಾಡಿಗಳ ಸರ ಶನಿವಾರ ಶನಿವಾರ ಬದಲಾಗುತ್ತದೆ. ಇದನ್ನು ಯಾರೂ ಬಿಚ್ಚಿರಲಿಲ್ಲ.

ವಾರಿಜಾರ ಅಕ್ಕನ ಅಳಿಯ ಕಶ್ಯಪ ಮೈಸೂರಿನಿಂದ ಇಲ್ಲೇ ಹತ್ತಿರದ ಐರೋಲಿಗೆ ಬಂದದ್ದು ಮೊನ್ನೆ ಮೊನ್ನೆ. ಅವನು ನಕ್ಕ. “ಶರಬತ್ತು ಮಾಡ್ಕೊಳ್ಳೋ ಹಣ್ಣಿಗೆ ಇಷ್ಟು ಹೆದರ್ತೀರಾ ಚಿಕ್ಕಮ್ಮ?”

ಪುಟ್ಟ ಮಗಳು ಅಪೇಕ್ಷಾಳನ್ನು ಸ್ಟೇರಿಂಗಿನ ಮುಂದೆ ಕೂರಿಸಿದ. ಫೋಟೋಕ್ಕೆ ಆ ಕರಕಲು ಸರ ಅಡ್ಡ ಬರುತ್ತಿತ್ತು. ಎಳೆದ. ದಾರ ತುಂಡಾಯಿತು.

ಒಣಗಿ ಕಲ್ಲಾಗಿದ್ದ ನಿಂಬೆ ಅಂಗೈಯಲ್ಲಿ ಹಸಿಯಾಯಿತು. ಬಿಸಿಯಾಯಿತು. ಹಳೇ ಪೆಟ್ರೋಲಿನ, ಸುಟ್ಟ ಕೂದಲಿನ ವಾಸನೆ. ಎಂಜಿನ್ನೇ ಇಲ್ಲದ ಕಾರು ಗುರ್ರೆಂದಿತು. ಮಗು ಗಂಟಲು ಹಿಡಿದುಕೊಂಡಿತು. ತುಟಿ ನೀಲಿ. ಸದ್ದಿಲ್ಲ.

“ದಾರಿಗೆ ಬಿಸಾಡಿ!” ವಾರಿಜಾ ಕಿರುಚಿದರು. “ತುಳಿದವರ ಮನೆಗೆ ಹೋಗ್ತದೆ!”

ಮಗಳನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಗೇಟಿನಾಚೆ ಎಸೆದ. ತಾನೇ ತುಳಿಯಲು ಕಾಲೆತ್ತಿದ.

ವಾರಿಜಾ ಹಿಂದೆಯೇ ಓಡಿ ಬಂದಿದ್ದರು. “ನೀವು ತುಳಿದರೆ ಆಗ್ಲಿಕ್ಕಿಲ್ಲ. ನಂಬದವರು ತುಳಿಯಬೇಕು. ನೀವೀಗ ನಂಬಿದ್ದೀರಿ.”

ಪಾಳಿ ಬಿಟ್ಟ ಹೊತ್ತು. ರಸ್ತೆ ತುಂಬ ಜನ. ಮೊಬೈಲಿನಿಂದ ಕಣ್ಣೆತ್ತದವರೂ ಅಲ್ಲಿಗೆ ಬಂದಾಗ ಕಾಲು ಓರೆ ಮಾಡಿ ದಾಟಿದರು. “ನಿಂಬು-ಮಿರ್ಚಿ ಹೈ, ಬಾಜೂ ಸೇ!” ಎಂದು ರಿಕ್ಷಾದವನು ಸುತ್ತು ಹಾಕಿದ. ಈ ಊರಿನ ಕಾಲುಗಳಿಗೆ ಗೊತ್ತಿತ್ತು. ಹೊಸಬ ಬೇಕಿತ್ತು. ತನ್ನಂಥವನು.

ಬಂದ. ಹೆಗಲ ಮೇಲೆ ಗಲಗಲ ನಗುವ ಕೂಸು. ಹೆಂಡತಿ ತೋಳು ಹಿಡಿದೆಳೆದಳು.

“ರೀ, ತುಳೀಬೇಡಿ.”

ಈ ಪರನಾಡಿನಲ್ಲಿ ಕನ್ನಡ! ಕಶ್ಯಪ ಬಾಯಿ ತೆರೆದ. ಅಪೇಕ್ಷಾಳ ಕುತ್ತಿಗೆ ವಾಲಿತು. ಬಾಯಿ ಮುಚ್ಚಿಕೊಂಡ.

“ಉಪ್ಪಿನಕಾಯಿ ಹಾಕೋ ಹಣ್ಣು ಕಣೇ,” ಆತ ನಗುತ್ತ ಕಾಲಿಟ್ಟ.

ಪಚ್ ಎಂದಿತು. ಅಪೇಕ್ಷಾ ಕೆಮ್ಮಿದಳು. ಉಸಿರು ಬಂತು. ಅಳು ಬಂತು.

ಆ ಹೆಗಲ ಮೇಲಿನ ನಗು ನಿಂತಿತು.

“ರೀ, ಪಾಪು... ಪಾಪು ನೋಡ್ರೀ! ಯಾರಾದ್ರೂ ಬನ್ನಿ!”

ಕಶ್ಯಪ ಕನ್ನಡ ಬಾರದವನಂತೆ ನಡೆದುಬಿಟ್ಟ.