ಧೂಳಿಲ್ಲದ ಪ್ಲೇಟು

ಬಲಗೈಯ ಹೆಬ್ಬೆರಳು, ತೋರುಬೆರಳು ಮುಗಿದಿದ್ದವು. ನಡುಬೆರಳಿನ ಉಗುರಿಗೆ ಅವಳು ಹಳದಿ ಬಣ್ಣ ಬಳಿಯುತ್ತಿದ್ದಾಗ ಗೆಳತಿ ಪಟಾಕಿ ಹಾಸ್ಟೆಲ್ ಕೋಣೆಯ ಬಾಗಿಲನ್ನು ಕಾಲಿನಿಂದಲೇ ತಳ್ಳಿಕೊಂಡು ಒಳಗೆ ನುಗ್ಗಿದಳು.

"ಗೋಡೆ ಅಕ್ಕಾ! ಒಂದು ಸುದ್ದಿ ಇದೆ. ಕೇಳಿ ನನ್ನ ಮೇಲೆ ರೇಗಬಾರದು!"

"ಮೊದಲು ಬಾಗಿಲು ಹಾಕು. ಇದಿನ್ನೂ ಒಣಗಿಲ್ಲ."

ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡಕ್ಕೆ ಅವಳು ಕ್ಯಾಚರ್. ಅವಳನ್ನು ದಾಟಿ ಚೆಂಡು ಹಿಂದೆ ಹೋಗುವುದಿಲ್ಲವೆಂದು ಹುಡುಗಿಯರು ಇಟ್ಟ ಹೆಸರು ಗೋಡೆ. ಹೋಮ್ ಪ್ಲೇಟಿನ ಬಳಿ ಬ್ಯಾಟ್ ಹಿಡಿದವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಂಥ ಚೆಂಡು ಎಸೆಯಬೇಕೆಂದು ಪಿಚರ್ ಪಟಾಕಿಗೆ ಬೆರಳಲ್ಲೇ ಸನ್ನೆ ಮಾಡಬೇಕು. ಉಗುರು ಹೊಳೆದರೆ ಸನ್ನೆ ದೂರಕ್ಕೂ ಕಾಣುತ್ತದೆ. ಎಡಗೈ ಹೇಗೂ ಗ್ಲೌಸ್ ಒಳಗಿರುತ್ತದೆ, ಅದಕ್ಕೆ ಬಣ್ಣವಿಲ್ಲ.

ಅಮ್ಮನಿಗೆ ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗಿರಲಿಲ್ಲ. "ಹಚ್ಚಿಕೊಂಡರೆ ಎರಡೂ ಕೈಗೆ ಹಚ್ಚಿಕೋ. ಇದೇನೇ, ಅರ್ಧಕ್ಕೆ ಎದ್ದು ಬಂದ ಮದುಮಗಳ ಥರ!"

ಬಣ್ಣದ ಸೀಸೆ ತಳ ಕಂಡಿತ್ತು. ನಾಳೆಯ ಫೈನಲ್‌ಗೆ ಸಾಕು. ಆಮೇಲೆ ಬೇಕಾಗಲಿಕ್ಕಿಲ್ಲ. ಓದು ಇನ್ನೊಂದು ವರ್ಷ ಇದೆ, ಆಡುವ ಅವಕಾಶವೂ ಇದೆ, ಮುಂದಿನ ವರ್ಷ ನೀನೇ ಕ್ಯಾಪ್ಟನ್ ಎಂದು ಕೋಚ್ ಮೇಡಂ ಹೇಳಿಯೂ ಆಗಿದೆ. ಆದರೆ ಅಮ್ಮನದು ಒಂದೇ ಪಟ್ಟು. "ಮಂಡಿ ಸವೆಸಿಕೊಂಡಿದ್ದು ಸಾಕು ಕಣೆ." ಅವಳು ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದಳು. ಫೈನಲ್ ಮುಗಿಯಲಿ.

"ಹೇಳು, ಏನು ಸುದ್ದಿ?"

"ನಾಳೆ ಪ್ಲೇಟ್ ಹಿಂದೆ ನಿನ್ನ ಅಂಪೈರ್ ಇಲ್ಲ!"

"ನನ್ನ ಅಂಪೈರಾ? ಅವರೇನು ನಮ್ಮನೆ ಆಸ್ತಿನಾ?"

"ಸರಿಯಪ್ಪಾ, ಊರಿನ ಅಂಪೈರ್. ಫೈನಲ್‌ಗೆ ಅವರನ್ನೇ ಹಾಕಿದ್ರಂತೆ. ಅವರೇ ಹೋಗಿ, ನಮ್ಮ ತಂಡದ ಪಂದ್ಯಕ್ಕೆ ಇನ್ನು ಮುಂದೆ ನಿಲ್ಲಲ್ಲ ಅಂದ್ರಂತೆ. ಆ ಕಡೆ ತಂಡದವರು ಆಗಲೇ ಶುರು ಹಚ್ಕೊಂಡಿದಾರೆ..." ಪಟಾಕಿ ಸ್ವರ ಇಳಿಸಿದಳು. "ನೀನು ಮೋಸ ಮಾಡ್ತೀಯ, ಅದಕ್ಕೇ ಅವರು ಬೇಸತ್ತು ಬಿಟ್ಟರು ಅಂತ."

ಬಣ್ಣದ ಕುಂಚ ಉಗುರು ಬಿಟ್ಟು ಚರ್ಮಕ್ಕೆ ಹರಿಯಿತು.

ಮೋಸ...! ಅವಳೇ? ಅದೂ ಆ ಅಂಪೈರ್ ಕಣ್ಣಿಗೆ?

* * *

ಮೊದಲ ಭೇಟಿಯಲ್ಲಾಗಲಿ, ಆಮೇಲಾಗಲಿ ಅವಳು ಆ ಅಂಪೈರ್‌ನನ್ನು ಮುಖಕವಚವಿಲ್ಲದೆ ನೋಡಿರಲಿಲ್ಲ.

ಈ ಸಲದ ಮೊದಲ ಪಂದ್ಯ. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ದಿಕ್ಕು ತಪ್ಪಿ ನೇರ ಅವಳ ಕೊರಳ ಬುಡಕ್ಕೆ ಬಡಿದಿತ್ತು. ಉಸಿರು ಕಟ್ಟಿತು. ಕಣ್ಣು ಮಂಜಾಯಿತು. ಏಳಲೇಬೇಕು, ಬಿದ್ದೆ ಅನ್ನಿಸಿಕೊಳ್ಳಬಾರದು ಎಂದು ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಹಿಂದೆ ನಿಂತಿದ್ದ ಅಂಪೈರ್ ಕೈಯೆತ್ತಿ ಆಟ ನಿಲ್ಲಿಸಿದ. ಮುಂದೆ ಬಂದು, ಬಗ್ಗಿ, ಜೇಬಿನಿಂದ ಪುಟ್ಟ ಬ್ರಷ್ ತೆಗೆದು ಹೋಮ್ ಪ್ಲೇಟನ್ನು ಗುಡಿಸತೊಡಗಿದ. ನೆಲದಲ್ಲಿ ಹುದುಗಿಸಿದ ಆ ಬಿಳಿ ಹಲಗೆ ಆಗಲೇ ಲಕಲಕ ಹೊಳೆಯುತ್ತಿತ್ತು. ಆದರೂ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಮಗುವಿನ ತಲೆ ಬಾಚುವಷ್ಟು ನಿಧಾನವಾಗಿ ಗುಡಿಸಿದ.

"ತುಂಬಾ ಧೂಳಿದೆ. ಆತುರ ಇಲ್ಲ." ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಪೆಟ್ಟು ತಿಂದ ಕ್ಯಾಚರ್‌ಗೆ ಅಂಪೈರ್ ಹೀಗೆ ಉಸಿರಾಡಲು ಬಿಡುವು ಕೊಡುವುದು ಈ ಆಟದ ಹಳೆಯ ಮರ್ಯಾದೆ. ಅವಳಿಗೂ ಗೊತ್ತು. ಆದರೂ ಇಷ್ಟು ಅಕ್ಕರೆಯಿಂದ ಗುಡಿಸಿದವರನ್ನು ಅವಳು ಕಂಡಿರಲಿಲ್ಲ.

ಆಮೇಲೆ ಪಂದ್ಯದಿಂದ ಪಂದ್ಯಕ್ಕೆ ಅವರ ಮಾತು ಬೆಳೆಯಿತು. ವಿಚಿತ್ರ ಮಾತುಕತೆ ಅದು! ಕ್ಯಾಚರ್ ಹಿಂದೆ ತಿರುಗಿ ಅಂಪೈರ್ ಜೊತೆ ವಾದಿಸಿದರೆ ಅದು ಅವರಿಗೆ ಮಾಡುವ ಅವಮಾನ. ಹಾಗಾಗಿ ಇಬ್ಬರೂ ಪಿಚರ್ ಕಡೆ ನೋಡುತ್ತಲೇ, ಮುಖಕವಚದೊಳಗಿಂದಲೇ ಮಾತಾಡಬೇಕು.

ಬ್ಯಾಟ್ ಹಿಡಿದವಳ ಎದೆಗೂ ಮೊಣಕಾಲಿಗೂ ನಡುವೆ, ಪ್ಲೇಟಿನ ಮೇಲೆ ಹಾದುಹೋದ ಎಸೆತ ಸ್ಟ್ರೈಕ್. ಆಚೀಚೆ ಹೋದರೆ ಅದನ್ನು ಬಾಲ್ ಅನ್ನುತ್ತಾರೆ. ಅಂಚಿನಾಚೆ ಹಿಡಿದ ಚೆಂಡನ್ನು ಅವಳು ಒಮ್ಮೆ ಗ್ಲೌಸ್ ಸಮೇತ ಮೆಲ್ಲಗೆ ಒಳಗೆಳೆದಿದ್ದಳು. ಎಲ್ಲ ಕ್ಯಾಚರ್‌ಗಳೂ ಮಾಡುವ ಚಮತ್ಕಾರ.

"ಬಾಲ್!" ಎಂದು ಕೂಗಿ ಅವನು ಮೆಲ್ಲಗೆ ಸೇರಿಸಿದ್ದ. "ಕೈ ಒಳಗೆ ಬಂತು, ಚೆಂಡು ಬರಲಿಲ್ಲ."

"ಕರೆದೆ ಸರ್. ನಾಚಿಕೆ ಅದಕ್ಕೆ."

ಹಿಂದಿನಿಂದ ನಗು ಅದುಮಿಟ್ಟ ಸದ್ದು. ಅವತ್ತಿಡೀ ಅವಳ ಬೆನ್ನಿಗೆ ಆ ನಗುವಿನ ಬಿಸಿಲು ತಾಗಿದಂತಿತ್ತು.

ಕೆಟ್ಟದ್ದು ಸೆಮಿಫೈನಲ್‌ನಲ್ಲಿ. ಪಟಾಕಿಯ ಎಸೆತ ಪ್ಲೇಟಿನ ಅಂಚು ಸವರಿ ಬಂತು. ಗ್ಲೌಸನ್ನು ಅವಳು ಕೂದಲೆಳೆಯಷ್ಟೂ ಅಲುಗಿಸಿರಲಿಲ್ಲ.

"ಬಾಲ್!"

ಅವಳಿಗೆ ನಂಬಲಾಗಲಿಲ್ಲ. "ಅದು ಸ್ಟ್ರೈಕ್. ನಿಮಗೂ ಗೊತ್ತು."

ಪಂದ್ಯವನ್ನು ಅವಳ ತಂಡವೇ ಗೆದ್ದರೂ ಅವನು ತಿರುಗಿ ನೋಡದೆ ಹೊರಟುಹೋಗಿದ್ದ.

ಈಗ ಅರ್ಥವಾಯಿತು... ಎಂದೋ ತಮಾಷೆಗೆ ಎಳೆದ ಕೈಗಾಗಿ ಅವಳನ್ನು ಮೋಸಗಾತಿ ಎಂದು ತೀರ್ಮಾನಿಸಿಬಿಟ್ಟಿದ್ದಾನೆ! ಆ ಬ್ರಷ್, ಆ ನಗು, ಎಲ್ಲ ಸುಳ್ಳೇ?

"ಅಕ್ಕಾ, ಅಳ್ತಿದೀಯಾ?"

"ಇಲ್ಲ. ಆ ಹತ್ತಿ ಕೊಡು." ಚರ್ಮಕ್ಕೆ ಹರಿದ ಬಣ್ಣವನ್ನು ಒರೆಸಿ, ಅವಳು ನಡುಬೆರಳಿಗೆ ಮೊದಲಿನಿಂದ ಹಚ್ಚತೊಡಗಿದಳು. "ನಾಳೆ ಒಂದೇ ಒಂದು ಚೆಂಡನ್ನೂ ಒಳಗೆಳೆಯಲ್ಲ. ಬಂದ ಜಾಗದಲ್ಲೇ ಹಿಡೀತೀನಿ. ನೀನು ಸರಿಯಾಗಿ ಎಸಿ, ಅಷ್ಟೇ."

"ಫೈನಲ್‌ನಲ್ಲಾ? ಹುಚ್ಚು ಹಿಡಿದಿದೆಯಾ?"

"ಹಿಡಿದಿದೆ. ನನ್ನ ಹೆಸರು ನನಗೆ ಬೇಕು."

* * *

ಫೈನಲ್‌ನಲ್ಲಿ ಪ್ಲೇಟ್ ಹಿಂದೆ ನಿಂತಿದ್ದವರು ವಯಸ್ಸಾದ ಅಂಪೈರ್. ಚೆಂಡು ಅವಳ ಭುಜಕ್ಕೆ ಬಡಿದಾಗ ಅವರೂ ಪ್ಲೇಟ್ ಗುಡಿಸಿದರು. ಎರಡೇ ಏಟಿಗೆ ಗುಡಿಸಿ ಮುಗಿಸಿದರು. ಅಷ್ಟರಲ್ಲೇ ಅವಳ ಉಸಿರು ಮರಳಿತು. ಮರಳಿದ ಉಸಿರಿನೊಂದಿಗೆ ಏನೋ ಕೊರತೆಯೂ ಬಂತು.

ಎದುರು ತಂಡದ ಬೆಂಚಿನಿಂದ ಯಾರೋ ಕೂಗಿದರು. "ಸರ್, ಅವಳ ಕೈ ಮೇಲೆ ಒಂದು ಕಣ್ಣಿಡಿ!"

"ಇಡಿ ಸರ್," ಎಂದಳು ಅವಳು, ಪಿಚರ್ ಕಡೆಯಿಂದ ದೃಷ್ಟಿ ತೆಗೆಯದೆ. "ಎರಡೂ ಕಣ್ಣಿಡಿ."

ಕೊನೆಯ ಸರದಿ. ಇವರದು ಒಂದು ರನ್ ಮುಂದು. ಇನ್ನೊಂದು ಸ್ಟ್ರೈಕ್ ಬಿದ್ದರೆ ಕಪ್ ಕೈಗೆ. ಹೊಡೆತ ಬಿದ್ದರೆ ಮೂರನೇ ಬೇಸಿನಲ್ಲಿ ಕಾದು ನಿಂತವಳು ಓಡಿಬಂದು ಸಮ ಮಾಡುತ್ತಾಳೆ. ಮೈದಾನ ಉಸಿರು ಬಿಗಿಹಿಡಿದಿತ್ತು. ಅವಳಿಗೆ ಹೆದರಿಕೆ ಇರಲಿಲ್ಲ. ಹಳದಿ ಬೆರಳುಗಳು ಸನ್ನೆ ಮಾಡಿದವು. ಹೊರ ಅಂಚು, ಕೆಳಗೆ.

ಪಟಾಕಿ ಕಣ್ಣರಳಿಸಿದಳು. ಅಂಥ ಎಸೆತಕ್ಕೆ ಕೈ ಎಳೆಯದೆ ಸ್ಟ್ರೈಕ್ ಸಿಗುವುದು ಕಷ್ಟ. ಅವಳು ಅದೇ ಸನ್ನೆಯನ್ನು ಮತ್ತೆ ಮಾಡಿದಳು.

ಚೆಂಡು ಬಂತು. ಬ್ಯಾಟ್ ಹಿಡಿದವಳು ಬಿಟ್ಟಳು. ಗ್ಲೌಸ್ ಚಟ್ಟೆಂದಿತು... ಕೈ ಕಲ್ಲಾಗಿ ನಿಂತಿತು. ಒಂದು ಕ್ಷಣ. ಇನ್ನೂ ಒಂದು ಕ್ಷಣ.

"ಸ್ಟ್ರೈಕ್!"

ಪಟಾಕಿ ಓಡಿಬಂದು ಅವಳ ಸೊಂಟಕ್ಕೆ ಜೋತುಬಿದ್ದಳು. ಕೋಚ್ ಮೇಡಂ ಯಾವತ್ತೂ ಅಳದವರು, ಕನ್ನಡಕ ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡರು.

* * *

ಸಂಭ್ರಮವೆಲ್ಲ ಬಸ್ಸಿನ ಕಡೆ ಹೋದ ಮೇಲೆ, ಮರೆತ ಮುಖಕವಚ ತರಲು ಅವಳು ಮೈದಾನಕ್ಕೆ ವಾಪಸು ಬಂದಳು. ಪ್ಲೇಟಿನ ಪಕ್ಕ ಒಬ್ಬ ನಿಂತಿದ್ದ. ಮಾಮೂಲಿ ಅಂಗಿ, ಕೈಯಲ್ಲಿ ಅವಳ ಮುಖಕವಚ. ಯಾರೆಂದು ತಿಳಿಯಲಿಲ್ಲ, ಅವನು ಬಾಯಿ ತೆರೆಯುವವರೆಗೆ.

"ಅಭಿನಂದನೆ."

ಆ ದನಿ! ಅವಳ ಬೆನ್ನಿಗೆ ಅದು ಚೆನ್ನಾಗಿ ಗೊತ್ತು.

"ಮೋಸಗಾತಿಗೆ ಅಭಿನಂದನೆ ಯಾಕೆ ಸರ್?"

"ಯಾರು ಹಾಗಂದಿದ್ದು?" ಅವನ ಮುಖ ಕಪ್ಪಿಟ್ಟಿತು.

"ಊರೆಲ್ಲ ಅಂತಿದೆ. ನೀವು ನಮ್ಮ ಪಂದ್ಯ ಬಿಟ್ಟಿದ್ದು ಅದಕ್ಕೇ ಅಲ್ಲವಾ?"

"ಅಲ್ಲ... ಅದು... ನಾನು..." ಸಾವಿರ ಜನರ ನಡುವೆ ಕೈಯೆತ್ತಿ ತೀರ್ಪು ಕೂಗುವವನಿಗೆ ನಾಲಿಗೆ ಹೊರಳಲಿಲ್ಲ. ಮುಖಕವಚದ ಪಟ್ಟಿಯನ್ನು ಬಿಗಿ ಮಾಡಿದ, ಸಡಿಲ ಮಾಡಿದ, ಮತ್ತೆ ಬಿಗಿ ಮಾಡಿದ.

ರೇಗಬೇಕೆಂದು ಬಂದವಳು ಅವನನ್ನೇ ನೋಡಿದಳು. ಪೆಟ್ಟು ತಿಂದವರು ಹೇಗೆ ನಿಲ್ಲುತ್ತಾರೆಂದು ಅವಳಿಗೆ ಗೊತ್ತಿತ್ತು.

ಅವನ ಅಂಗಿ ಜೇಬಿನಲ್ಲಿ ಇಣುಕುತ್ತಿದ್ದ ಬ್ರಷ್ಷನ್ನು ಎಳೆದುಕೊಂಡು, ಕುಕ್ಕರಗಾಲಲ್ಲಿ ಕೂತು, ಅವಳು ಪ್ಲೇಟ್ ಗುಡಿಸತೊಡಗಿದಳು. ಈ ಮೂಲೆಯಿಂದ ಆ ಮೂಲೆಗೆ. ನಿಧಾನವಾಗಿ.

"ತುಂಬಾ ಧೂಳಿದೆ," ಎಂದಳು ತಲೆಯೆತ್ತದೆ. "ಆತುರ ಇಲ್ಲ."

ಅವನು ದೀರ್ಘವಾಗಿ ಉಸಿರುಬಿಟ್ಟ.

"ಅದು ಸ್ಟ್ರೈಕ್."

ಬ್ರಷ್ ನಿಂತಿತು.

"ಸೆಮಿಫೈನಲ್‌ದು. ಸ್ಟ್ರೈಕ್ ಅಂತ ನನಗೆ ಗೊತ್ತಿತ್ತು. ಎಲ್ಲಿ ನಿಮ್ಮ ಕಡೆ ವಾಲಿಬಿಡ್ತೀನೋ ಅನ್ನೋ ಭಯಕ್ಕೆ ಬಾಲ್ ಅಂದುಬಿಟ್ಟೆ. ಅಂಥ ಭಯ ಬಂದ ಮೇಲೆ ನಾನು ನಿಮ್ಮ ಹಿಂದೆ ನಿಲ್ಲಬಾರದು. ಅದಕ್ಕೇ ಫೈನಲ್ ಬೇಡ ಅಂದೆ. ಕಾರಣ ಕೇಳಿದರು... ಆ ತಂಡದಲ್ಲಿ ನನಗೆ ಬೇಕಾದವರು ಇದ್ದಾರೆ ಅಂದೆ."

ಅವಳು ತಲೆಯೆತ್ತಿದಳು.

"ಬೇಕಾದವರಾ? ಯಾರು? ಪಟಾಕಿನಾ?"

"ಅಮ್ಮಾ ತಾಯಿ, ಆ ಹುಡುಗಿ ನನ್ನನ್ನು ಸುಟ್ಟೇ ಬಿಡ್ತಾಳೆ!"

ಇಬ್ಬರೂ ನಕ್ಕರು. ಮುಖ ಮುಖ ನೋಡಿಕೊಂಡು ನಕ್ಕಿದ್ದು ಅದೇ ಮೊದಲು. ನಕ್ಕಾಗ ಅವನ ಎಡಗೆನ್ನೆ ಮಾತ್ರ ಗುಳಿ ಬೀಳುತ್ತದೆ. ಇಷ್ಟು ದಿನ ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ!

"ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲ?"

"ಹೇಳಬೇಕಿತ್ತು. ನಿಮ್ಮ ಮನಸ್ಸು ಫೈನಲ್ ಮೇಲಿರಲಿ ಅಂತ ಸುಮ್ಮನಾದೆ. ಈ ಮಾತೆಲ್ಲ ಹುಟ್ಟುತ್ತೆ ಅಂತ ಗೊತ್ತಿರಲಿಲ್ಲ. ನಾಳೆನೇ ಎಲ್ಲರ ಮುಂದೆ ಹೇಳ್ತೀನಿ, ತಪ್ಪು ನನ್ನದು ಅಂತ."

"ಹೇಳಿ. ಆದರೆ ನನ್ನ ಹೆಸರನ್ನ ಇವತ್ತು ನಾನೇ ವಾಪಸು ತಗೊಂಡಿದೀನಿ."

"ನೋಡಿದೆ. ಪಿಚರ್ ಬೆನ್ನ ಹಿಂದಿನ ಬೇಲಿ ಹತ್ತಿರ ನಿಂತಿದ್ದೆ. ಇಷ್ಟು ದಿನ ನಿಮ್ಮ ಬೆನ್ನು ಮಾತ್ರ ಗೊತ್ತಿತ್ತು. ಇವತ್ತು ನಿಮ್ಮ ಉಗುರು ಕಂಡಿತು."

"ಅಷ್ಟು ದೂರಕ್ಕೂ ಕಾಣುತ್ತಾ?"

"ಕಾಣುತ್ತೆ. ಹಳದಿ."

ಅವಳು ಬಲಗೈಯನ್ನು ಹಿಂದೆ ಸರಿಸಲು ಹೋಗಿ, ಸರಿಸದೆ, ಅವನ ಮುಂದೆ ಚಾಚಿದಳು. ಅವನು ಅದನ್ನು ಹಿಡಿದು ಅವಳನ್ನು ಮೇಲೆಬ್ಬಿಸಿದ. ಎದ್ದ ಮೇಲೂ ಬಿಡಲಿಲ್ಲ.

"ಮುಂದಿನ ವರ್ಷ ಆಡ್ತೀರಾ?"

"ಆಡಿದರೆ ನಿಮಗೆ ಮತ್ತೆ ಫೈನಲ್ ತಪ್ಪುತ್ತೆ."

"ನಿಮ್ಮ ತಂಡ ಫೈನಲ್‌ಗೆ ಬಂದರೆ ತಾನೇ?"

"ಬರದೇ ಇರುತ್ತಾ?"

ಅವನು ಮತ್ತೆ ನಕ್ಕ. "ಬೇಲಿ ಹತ್ತಿರ ನೆರಳಿದೆ. ನನ್ನ ಚಿಂತೆ ಬಿಡಿ. ಆಡ್ತೀರಾ?"

"ನೋಡೋಣ," ಎಂದಳು ಅವಳು.

ದೂರದಿಂದ ಬಸ್ಸಿನ ಹಾರ್ನ್, ಅದರ ಮೇಲೆ ಪಟಾಕಿಯ ಕೂಗು. "ಅಕ್ಕಾ! ಮುಖಕವಚ ಹುಡುಕ್ತಿದೀಯೋ, ಹೊಲೀತಿದೀಯೋ?"

ಹಾಸ್ಟೆಲಿನ ತಿರುವಿನಲ್ಲಿ ಎಲ್ಲರೂ ಇಳಿದು ಹಾಡುತ್ತಾ ಮುಂದೆ ಹೋದಾಗ ಅವಳೊಬ್ಬಳು ಹಿಂದೆ ಉಳಿದಳು. ಮೂಲೆಯ ಅಂಗಡಿಗೆ ನುಗ್ಗಿ ಒಂದು ಸಣ್ಣ ಪೊಟ್ಟಣ ಹಿಡಿದು ಹೊರಬಂದಳು.

"ಏನಕ್ಕಾ ತಗೊಂಡೆ?" ಹುಡುಕಿಕೊಂಡು ವಾಪಸು ಬಂದಿದ್ದ ಪಟಾಕಿ ಕತ್ತು ಚಾಚಿದಳು.

"ಏನಿಲ್ಲ ಬಾ."

ಅಮ್ಮನ ಕರೆಗೆ ಫೋನ್ ಜೇಬಿನಲ್ಲಿ ಗುನುಗುತ್ತಿತ್ತು. ಕೋಚ್ ಮೇಡಂ ಗೇಟಿನ ಬಳಿ ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಇಬ್ಬರಿಗೂ ನಾಳೆ ಹೇಳಿದರಾಯಿತು ಎಂದುಕೊಂಡು, ಹಳದಿ ಬಣ್ಣದ ಹೊಸ ಸೀಸೆಯನ್ನು ಗ್ಲೌಸಿನೊಳಗೆ ಇಳಿಸಿ, ನಗುತ್ತಾ ನಡೆದಳು.